ನಾಲ್ಕು ಬೆರಳಿನ ಮಡಿಕೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸಾಕಮ್ಮ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು. ಅದು ಹೆತ್ತವರು ಇಟ್ಟ ಹೆಸರಲ್ಲ, ಬಟ್ಟೆ ಅಂಗಡಿಯವನು ಇಟ್ಟದ್ದು. ಬೇರೆ ಹೆಂಗಸರು ಅವನ ಅಂಗಡಿಗೆ ಹೋದರೆ ಕಪಾಟು ಬರಿದಾಗುವ ತನಕ ಥಾನು ಬಿಚ್ಚಿಸುತ್ತಿದ್ದರು. ಇವಳು ಮಾತ್ರ ಲೈನಿಂಗ್ ಬಟ್ಟೆ ಇಷ್ಟು, ದಾರ ಇಷ್ಟು ಎಂದು ಹೇಳಿ, ಅವನು ಇನ್ನೊಂದು ಥಾನಿಗೆ ಕೈ ಹಾಕುವ ಮೊದಲೇ 'ಸಾಕು' ಎಂದು ಎದ್ದುಬಿಡುತ್ತಿದ್ದಳು. 'ಬಾರಮ್ಮ ಸಾಕಮ್ಮ' ಎಂದು ಅವನು ಒಮ್ಮೆ ಹೊಟ್ಟೆಯುರಿಯಿಂದ ಅಂದದ್ದು ಬೀದಿಗೆಲ್ಲ ಹಬ್ಬಿತು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬಿಟ್ಟಿ ಬಂದ ಹೆಸರನ್ನು ಬೇಡ ಎನ್ನಲು ಮನಸ್ಸಾಗಲಿಲ್ಲವೇನೋ.

ಮನೆಯ ಮುಂಗೋಣೆಯೇ ಅವಳ ಹೊಲಿಗೆ ಅಂಗಡಿ. ಒಂದು ಮಷೀನು, ಕತ್ತರಿಸುವ ಮೇಜು, ಗುಂಡಿಗಳ ಡಬ್ಬಿ, ಗೋಡೆಗೆ ನೇತುಹಾಕಿದ ಟೇಪು. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ದಿನವಿಡೀ ಊರಿಗೆಲ್ಲ ಚಿಲ್ಲರೆ ಹಂಚಿ ಬಂದು, ಮನೆಯಲ್ಲಿ ತನಗೇ ಚಿಲ್ಲರೆ ಸಿಗುವುದಿಲ್ಲ ಎಂದು ನಗಿಸುವ ಮನುಷ್ಯ.

ಏನಾದರೂ ಕೊಳ್ಳಬೇಕೆನಿಸಿದರೆ ಸಾಕಮ್ಮನದೊಂದು ಪದ್ಧತಿ ಇತ್ತು. ಮೊದಲು ನೋಡಿ ಬರುವುದು. ಬಂದು ಮರೆಯಲು ಪ್ರಯತ್ನಿಸುವುದು. ಮರೆತುಹೋದರೆ ಅದು ಬೇಕಿರಲಿಲ್ಲ ಎಂದರ್ಥ. ಮರೆಯದಿದ್ದರೆ ಮತ್ತೊಮ್ಮೆ ಹೋಗಿ, ಅದು ಮನೆಯ ಯಾವ ಮೂಲೆಯಲ್ಲಿ ಕೂರುತ್ತದೆ, ಕೂತು ಏನು ಕೆಲಸ ಮಾಡುತ್ತದೆ ಎಂದು ಯೋಚಿಸುವುದು. ಆಮೇಲೂ ಬೇಕೆನಿಸಿದರೆ ದುಡ್ಡು ಕೂಡಿಡುವುದು, ಕೂಡಿದ ಮೇಲೆ ತರುವುದು. ಈ ಪದ್ಧತಿಯಲ್ಲಿ ಆ ಮನೆಗೆ ಫ್ಯಾನು ಬಂದಾಗ ಜನ ಸ್ವೆಟರ್ ಹಾಕಿಕೊಂಡಿದ್ದರು ಎಂದು ಗಂಡ ಡಿಪೋದಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

"ಸಾಲದು ಸಾಲದು ಅನ್ನೋರ ಮನೆಗೇ ಸಾಲ ಬರೋದು ಕಣ್ರೀ," ಎನ್ನುತ್ತಿದ್ದಳು ಅವಳು. "ಸಾಕು ಅನ್ನೋರ ಮನೆಗೆ ನಿದ್ದೆ ಬರುತ್ತೆ."

ನಿದ್ದೆಯೇನೋ ಬರುತ್ತಿತ್ತು. ಆ ಮನೆಯ ಬಾಗಿಲು ತಟ್ಟಿ ಯಾರೂ ಎಂದೂ ಬಾಕಿ ಕೇಳಿರಲಿಲ್ಲ. ಅಷ್ಟರ ಮಟ್ಟಿಗೆ ಅವಳು ಹೇಳಿದ್ದು ಅಕ್ಷರಶಃ ನಿಜ, ಅದರಲ್ಲಿ ತಪ್ಪು ಹುಡುಕುವವರಿಗೆ ಬೇರೆ ಕೆಲಸವಿಲ್ಲ. ಮಕ್ಕಳಾಗಲಿಲ್ಲ ಎನ್ನುವುದೊಂದು ಕೊರಗು ಮಾತ್ರ ಮನೆಯ ಮೂಲೆಯಲ್ಲಿ ಉಳಿದುಕೊಂಡಿತ್ತು. ಅದನ್ನು ಮರೆಯಲು ಪ್ರಯತ್ನಿಸಿದ್ದಳು, ಮರೆತುಹೋಗಿರಲಿಲ್ಲ.

ಅವಳ ತಂಗಿ ಇನ್ನೊಂದು ತರಹ. ಕಂಡದ್ದೆಲ್ಲ ಅವಳಿಗೆ ಬೇಕು, ಅದೂ ಕಂಡ ದಿನವೇ ಬೇಕು. ಸೋಫಾ, ಫ್ರಿಜ್, ಗೋಡೆಯಗಲದ ಟಿ.ವಿ., ಮಗಳಿಗೆ ಕೆಂಪು ಸೈಕಲ್ಲು, ಎಲ್ಲವೂ ಕಂತಿನ ಮೇಲೆ. ಅವಳ ಮನೆಗೆ ಹೋದರೆ ಪ್ಲಾಸ್ಟಿಕ್ ಹೊದಿಕೆಯ ಹೊಸ ವಾಸನೆ. ಆದರೂ ಹೇಳಬೇಕು, ನಗುವೂ ಆ ಮನೆಯಲ್ಲೇ ಜಾಸ್ತಿ ಇತ್ತು.

"ಕಂತು ಅಂದ್ರೆ ಮುಳುಗೋದು ಅಂತಲೂ ಅರ್ಥ ಇದೆ ಕಣೇ," ಎಂದಿದ್ದಳು ಸಾಕಮ್ಮ ಒಮ್ಮೆ. "ಹೊತ್ತು ಕಂತಿತು ಅಂತಾರಲ್ಲ."

"ಕಂತಿದ ಹೊತ್ತು ಬೆಳಗಾದ್ರೆ ಹುಟ್ಟುತ್ತೆ ಬಿಡಕ್ಕ," ಎಂದು ತಂಗಿ ನಕ್ಕಿದ್ದಳು.

ಅವಳ ಹೊತ್ತು ಹುಟ್ಟಲಿಲ್ಲ. ಒಂದು ಕಂತು ತೀರಿಸಲು ಇನ್ನೊಂದು ಸಾಲ, ಅದರ ಬಾಯಿಗೆ ಮತ್ತೊಂದು. ಕೊನೆಗೊಂದು ದಿನ ಸಾಲ ಕೊಟ್ಟವರ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಮರುದಿನ ಬೆಳಿಗ್ಗೆ ತಂಗಿ ಏಳು ವರ್ಷದ ಮಗಳ ಕೈ ಹಿಡಿದು ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಮಗುವಿನ ಬೆನ್ನಿಗೆ ಸ್ಕೂಲ್ ಬ್ಯಾಗು, ಕೈಯಲ್ಲಿ ಬಟ್ಟೆಯ ಚೀಲ.

"ಇವಳ ಸೈಕಲ್ಲನ್ನೂ ಬಿಡ್ಲಿಲ್ಲ ಅಕ್ಕ," ಎಂದಳು. "ತಿರುಗಿಸಿ ತಿರುಗಿಸಿ ನೋಡಿ, ಗೀರು ಬಿದ್ದಿದೆ, ಬೆಲೆ ಕಮ್ಮಿ ಆಗುತ್ತೆ ಅಂದ್ರು. ಬಾಕಿ ಕಟ್ಟಿ ಬಿಡಿಸ್ಕೊಳ್ಳಿ ಅಂತ ಹೇಳಿ ಹೊತ್ಕೊಂಡು ಹೋದ್ರು. ಎರಡು ದಿನ ಇವಳನ್ನ ನೋಡ್ಕೋ. ನಮ್ಮನೆಯವರ ಜೊತೆ ಹೋಗಿ ಎಲ್ಲಾದ್ರೂ ಕೆಲಸ ನೋಡ್ಕೊಂಡು ಬಂದ್ಬಿಡ್ತೀನಿ."

ಎರಡು ದಿನ ಎರಡು ವಾರವಾಯಿತು. ದೂರದ ಊರಿನಿಂದ ಆಗೊಮ್ಮೆ ಈಗೊಮ್ಮೆ ಫೋನು ಬರುತ್ತಿತ್ತು. 'ಮುಂದಿನ ತಿಂಗಳು ಬಂದು ಕರ್ಕೊಂಡು ಹೋಗ್ತೀನಿ' ಎನ್ನುವುದು ಪ್ರತಿ ಸಲದ ಮಾತು. ಆ ಮುಂದಿನ ತಿಂಗಳು ಬಸ್ಸಿನ ಹಿಂದಿನ ಬಾಗಿಲ ಹಾಗೆ, ಓಡಿದಷ್ಟೂ ಮುಂದೆ ಹೋಗುತ್ತಿತ್ತು.

ಮಗು ಬಂದ ಹೊಸತರಲ್ಲಿ ಬೇಕರಿಯ ಹೆಂಗಸು ರವಿಕೆ ಅಳತೆಗೆ ಬಂದಿದ್ದಳು. "ಯಾರಿದು ಹೊಸ ಮುಖ?" ಎಂದು ಕೇಳಿದಳು. ಸಾಕಮ್ಮನ ತುಟಿಯ ನಡುವೆ ಗುಂಡುಸೂಜಿಗಳಿದ್ದವು. ಬಾಯಿಯ ಒಂದು ಪಕ್ಕದಿಂದ ಮಾತಾಡುತ್ತ, ತಂಗಿಯ ಮೇಲಿನ ಸಿಟ್ಟಿಗೂ, ನಗಿಸುವ ಚಪಲಕ್ಕೂ ಒಂದು ಮಾತು ಅಂದುಬಿಟ್ಟಳು.

"ನನ್ನ ತಂಗಿ ಮಗಳು. ಮನೇಲಿದ್ದ ಸಾಮಾನೆಲ್ಲ ಹೋಯ್ತು, ಉಳಿದಿದ್ದು ಇದೊಂದು. ಇದನ್ನ ನನ್ನ ಹತ್ರ ಅಡ ಇಟ್ಟು ಹೋಗಿದ್ದಾಳೆ. ಬಡ್ಡಿ ಬೆಳೆಯೋ ಮುಂಚೆ ಬಂದು ಬಿಡಿಸ್ಕೊಂಡು ಹೋಗ್ಲಿ, ಪುಣ್ಯಾತ್ಗಿತ್ತಿ!"

ಬೇಕರಿಯವಳು ಬಿದ್ದು ಬಿದ್ದು ನಕ್ಕಳು. ಕತ್ತರಿಸುವ ಮೇಜಿನ ಕೆಳಗೆ ಕೂತು ಬಟ್ಟೆಯ ಚೂರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ ಮಗು ತಲೆ ಎತ್ತಿ ನೋಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆಡಿದವರಿಗೆ ಆ ಹೊತ್ತಿನಲ್ಲಿ ಒಡೆದ ಸದ್ದು ಕೇಳಿಸುವುದಿಲ್ಲ.

ಅದೇ ವಾರ ಮಗು ಬಂದು ಕೇಳಿತು. "ದೊಡ್ಡಮ್ಮ, ಬಡ್ಡಿ ಅಂದ್ರೇನು?"

ಸಾಕಮ್ಮನಿಗೆ ಖುಷಿಯೋ ಖುಷಿ. ತಾಯಿಗೆ ಹತ್ತದ ಬುದ್ಧಿ ಮಗಳಿಗಾದರೂ ಹತ್ತಲಿ ಎಂದು ಮಷೀನು ನಿಲ್ಲಿಸಿ ವಿವರಿಸಿದಳು. "ನೋಡು, ಯಾರ ಹತ್ರಾನೋ ಒಂದು ವಸ್ತು ಅಡ ಇಟ್ರೆ, ಅದು ಸುಮ್ನೆ ಮೂಲೇಲಿ ಕೂತಿದ್ರೂ ದಿನಾ ತಿನ್ನುತ್ತೆ. ಅದು ತಿಂದಷ್ಟೂ ಬಿಡಿಸ್ಕೊಳ್ಳೋರು ಜಾಸ್ತಿ ದುಡ್ಡು ಕೊಡ್ಬೇಕು. ಅದೇ ಬಡ್ಡಿ."

"ಕಮ್ಮಿ ತಿಂದ್ರೆ?"

"ಕಮ್ಮಿ ತಿಂದ್ರೆ ಬೇಗ ಬಿಡಿಸ್ಕೋಬಹುದು," ಎಂದು ಸಾಕಮ್ಮ ನಕ್ಕು ಅದರ ಕೆನ್ನೆ ಹಿಂಡಿದಳು.

ಆಮೇಲಿನ ಮೂರು ವರ್ಷ ಆ ಮಗುವಿನಂಥ ಮಗು ಬೀದಿಯಲ್ಲೇ ಇರಲಿಲ್ಲ. ಏನನ್ನೂ ಕೇಳುತ್ತಿರಲಿಲ್ಲ. ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೆ ಎರಡನೇ ಸಲ ಸೌಟು ಎತ್ತುವಷ್ಟರಲ್ಲಿ ತಟ್ಟೆಗೆ ಅಡ್ಡ ಕೈ ಹಿಡಿದು 'ಸಾಕು ದೊಡ್ಡಮ್ಮ' ಎನ್ನುತ್ತಿತ್ತು. ಹಾಲು ಅರ್ಧ ಲೋಟಕ್ಕೇ ಸಾಕು, ಬ್ರೆಡ್ಡು ಒಂದೇ ತುಂಡು ಸಾಕು. ಕಂಡಕ್ಟರ್ ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟ. ಮೊದಲು ಮುದ್ದಿಗೆ ಇಟ್ಟ ಹೆಸರು, ಬರಬರುತ್ತ ಅವನಿಗೇ ಅದನ್ನು ಕರೆಯುವಾಗ ಒಂದು ತರಹ ಆಗತೊಡಗಿತು.

"ಏನೇ, ಈ ಮಗು ತಿನ್ನೋದು ಸಾಲದು ಅನ್ಸುತ್ತೆ," ಎಂದ ಒಂದು ದಿನ.

"ಸಾಲದು ಅನ್ನೋ ಮಾತು ಈ ಮನೇಲಿ ಬೇಡ. ನಮ್ಮ ಕಡೆಯವರೆಲ್ಲ ಕುಳ್ಳು, ಸಣ್ಣ ಹೊಟ್ಟೆಯವರು. ನಾನೇನು ಆನೆ ಹಾಗಿದ್ದೀನಾ?"

"ಆನೆ ಅಲ್ಲ, ಅಂಕುಶ," ಎಂದು ಗೊಣಗಿ ಅವನು ಚೀಲ ಹೆಗಲಿಗೇರಿಸಿದ.

ಓಡುವ ಆಟಕ್ಕೂ ಗುಬ್ಬಿ ಹೋಗುತ್ತಿರಲಿಲ್ಲ. ಒಮ್ಮೆ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ಸುಲಿದುಕೊಂಡು ಬಂದಾಗ ಅದು ಅತ್ತ ಅಳು ನೋಡಿ ಸಾಕಮ್ಮ ಗಾಬರಿಯಾಗಿದ್ದಳು. ನೋವಿಗೆ ಅಳುತ್ತಿರಲಿಲ್ಲ. "ಕಲೆ ಉಳಿಯುತ್ತಾ ದೊಡ್ಡಮ್ಮ, ಕಲೆ ಉಳಿಯುತ್ತಾ?" ಎಂದು ಅದೊಂದನ್ನೇ ಕೇಳುತ್ತಿತ್ತು. ಹೆಣ್ಣುಮಕ್ಕಳಿಗೆ ಅಂದದ ಚಿಂತೆ ಹುಟ್ಟುವಾಗಲೇ ಬರುತ್ತದೆ ಎಂದು ಸಾಕಮ್ಮ ಮುಲಾಮು ಹಚ್ಚಿದಳು.

ಒಂದೇ ಒಂದು ವಿಷಯ ಅವಳನ್ನು ಒಳಗೊಳಗೇ ಚುಚ್ಚುತ್ತಿತ್ತು. ಫೋನಿನಲ್ಲಿ ತಾಯಿಯೊಡನೆ ಮಾತಾಡುವಾಗ ಮಗು 'ನೀನು ಯಾವಾಗ ಬರ್ತೀಯ' ಎನ್ನುತ್ತಿತ್ತು. ಫೋನು ಇಟ್ಟು ಈಚೆ ತಿರುಗಿದರೆ 'ನೀವು', 'ಬನ್ನಿ', 'ಹೇಳಿ'. ಬೀದಿಯವರು ಎಂಥ ಮರ್ಯಾದಸ್ಥ ಮಗು ಎಂದು ಹೊಗಳುತ್ತಿದ್ದರು. ಸಾಕಮ್ಮನಿಗೆ ಆ ಮರ್ಯಾದೆ ಬೇಕಿರಲಿಲ್ಲ. "ನನ್ನನ್ನೂ ನೀನು ಅನ್ನು ಕಂದಾ," ಎಂದು ಎಷ್ಟೋ ಸಲ ಹೇಳಿ ನೋಡಿದಳು. "ಹೂಂ, ನೀವು ಹೇಳಿದ ಹಾಗೆ," ಎಂದಿತ್ತು ಮಗು. ಜೀವನದಲ್ಲಿ ಎಲ್ಲದಕ್ಕೂ ಸಾಕು ಎಂದವಳು ಈ ಒಂದು ಶಬ್ದಕ್ಕೆ ಮಾತ್ರ ಹಸಿದುಕೊಂಡಿದ್ದಳು.

ಎರಡನೇ ವರ್ಷದಲ್ಲಿ ತಂಗಿ ಫೋನು ಮಾಡಿ ದುಡ್ಡು ಕೇಳಿದಳು. "ಹಳೇದೊಂದು ತೀರಿಸಿಬಿಟ್ರೆ ಧೈರ್ಯವಾಗಿ ಊರಿಗೆ ಬರ್ತೀನಿ ಅಕ್ಕ. ಮಗೂನ ನೋಡ್ಬೇಕು ಅನ್ಸುತ್ತೆ."

ಎರಡನೇ ಮಷೀನಿಗೆಂದು ಕೂಡಿಟ್ಟ ದುಡ್ಡು ಕಪಾಟಿನಲ್ಲಿತ್ತು. "ಮಗೂನ ಎಷ್ಟು ವರ್ಷ ಬೇಕಾದ್ರೂ ನೋಡ್ಕೋತೀನಿ, ದುಡ್ಡು ಮಾತ್ರ ಕೇಳ್ಬೇಡ," ಎಂದಳು ಸಾಕಮ್ಮ. "ನಿನಗೆ ಕೊಡೋದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಂಗಿಯ ಕೈಗೆ ಹೋದ ದುಡ್ಡು ಯಾವತ್ತು ನಿಂತಿತ್ತು? ಆದರೆ ಅದೇ ಪೂರ್ತಿ ನಿಜವೂ ಅಲ್ಲ. ಸಾಲ ತೀರಿದರೆ ತಂಗಿ ಬರುತ್ತಾಳೆ, ಬಂದರೆ ಮಗುವನ್ನು ಕರೆದುಕೊಂಡು ಹೋಗುತ್ತಾಳೆ. ಈ ಲೆಕ್ಕವೂ ಸಾಕಮ್ಮನ ತಲೆಯ ಹಿಂಭಾಗದಲ್ಲಿ ಎಲ್ಲೋ ಕೂತಿತ್ತು. ಅವಳು ಅದರ ಕಡೆ ತಿರುಗಿ ನೋಡಲಿಲ್ಲ, ಅಷ್ಟೆ. ಗುಬ್ಬಿ ಅಲ್ಲೇ ಮೇಜಿನ ಹತ್ತಿರ ಕೂತು ಗುಂಡಿಗಳ ಡಬ್ಬಿಯಲ್ಲಿ ಜೋಡಿ ಹುಡುಕುತ್ತಿತ್ತು.

ಮೂರನೇ ವರ್ಷ ಶಾಲೆ ತೆರೆಯುವ ಮುಂಚೆ ಬೀದಿಯ ಮಕ್ಕಳೆಲ್ಲ ಯೂನಿಫಾರ್ಮ್ ಹಿಡಿದುಕೊಂಡು ಬಂದರು. ಯಾರ ತೋಳು ಗಿಡ್ಡವಾಗಿದೆ, ಯಾರ ಸೊಂಟ ಬಿಗಿಯಾಗಿದೆ ಎನ್ನುವುದನ್ನು ಸಾಕಮ್ಮ ಟೇಪು ಹಿಡಿಯದೆ ದೂರದಿಂದಲೇ ಹೇಳಬಲ್ಲಳು. ಆ ಬೆಳಿಗ್ಗೆ ಗುಬ್ಬಿಯ ನೀಲಿ ಫ್ರಾಕನ್ನೂ ಮೇಜಿನ ಮೇಲೆ ಹರಡಿದ್ದಳು. ಗುಬ್ಬಿ ಬಂದ ವರ್ಷ ಹೊಲಿದದ್ದು. ಬೆಳೆಯುವ ಮಗು ಎಂದು ಕೆಳಗೆ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಿಸಿ ಹೊಲಿದಿದ್ದಳು, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬಿಚ್ಚಿ ಉದ್ದ ಬಿಡಬಹುದು ಎಂದು. ಹಾಕಿಸಿ ನೋಡಿದರೆ ಫ್ರಾಕು ಮೊದಲಿದ್ದಲ್ಲೇ, ಮೊಣಕಾಲ ಕೆಳಗೇ ಇತ್ತು.

"ನೋಡ್ರೀ," ಎಂದು ಗಂಡನಿಗೆ ಹೆಮ್ಮೆಯಿಂದ ತೋರಿಸಿದಳು. "ಮೂರನೇ ವರ್ಷಕ್ಕೂ ಮಡಿಕೆ ಬಿಚ್ಚೋ ಕೆಲಸವೇ ಬರಲಿಲ್ಲ. ಇದು ಕಣ್ರೀ ಹೊಲಿಗೆ ಅಂದ್ರೆ!"

ಅವನು ಫ್ರಾಕನ್ನು ನೋಡಲಿಲ್ಲ, ಮಗುವನ್ನು ನೋಡಿದ. ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದ.

ಮಧ್ಯಾಹ್ನ ಫೋನು ಬಂತು. ತಂಗಿಯ ಗಂಡ. ಜ್ವರವೆಂದು ಮಲಗಿದ್ದಳಂತೆ. ಇವತ್ತು ಇಳಿಯುತ್ತದೆ, ನಾಳೆ ಇಳಿಯುತ್ತದೆ ಎಂದು ಕಾದರಂತೆ. ಆಸ್ಪತ್ರೆಗೆ ಹೋಗುವುದು ತಡವಾಯಿತಂತೆ. ಎಲ್ಲ ಮುಗಿದುಹೋಗಿತ್ತು. "ಮಗು ನಿಮ್ಮ ಹತ್ರಾನೇ ಇರ್ಲಿ ಅಕ್ಕ, ನನ್ನ ಕೈಲಾಗಲ್ಲ," ಎಂದು ಅವನು ಫೋನು ಇಟ್ಟ.

ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಚಿಕ್ಕಂದಿನಲ್ಲಿ ತನ್ನ ಪಾಲಿನದನ್ನೂ ಕಿತ್ತುಕೊಂಡು ತಿಂದು, ಆಮೇಲೆ ಕತ್ತಿಗೆ ಜೋತುಬೀಳುತ್ತಿದ್ದ ತಂಗಿ. ಗುಬ್ಬಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿತು. ಹೇಳದೆ ವಿಧಿಯಿರಲಿಲ್ಲ, ಹತ್ತಿರ ಕೂರಿಸಿಕೊಂಡು ಹೇಳಿದಳು.

ಮಗು ಅಳಲಿಲ್ಲ. ಗುಂಡಿಗಳ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿತು.

"ಅಮ್ಮ ಇನ್ನು ಬರೋದೇ ಇಲ್ವಾ?"

"ಇಲ್ಲ ಕಂದಾ."

"ಹಾಗಾದ್ರೆ ನನ್ನ ಯಾರು ಬಿಡಿಸ್ಕೋತಾರೆ ದೊಡ್ಡಮ್ಮ?"

ಸಾಕಮ್ಮನಿಗೆ ಅರ್ಥವಾಗಲಿಲ್ಲ. "ಬಿಡಿಸ್ಕೊಳ್ಳೋದಾ? ಯಾರಿಂದ?"

"ನಿಮ್ಮಿಂದ. ನೀವೇ ಬೇಕರಿ ಆಂಟಿಗೆ ಹೇಳಿದ್ರಲ್ಲ, ಅಮ್ಮ ನನ್ನ ಅಡ ಇಟ್ಟು ಹೋಗಿದ್ದಾಳೆ, ಬಡ್ಡಿ ಬೆಳೆಯೋ ಮುಂಚೆ ಬಿಡಿಸ್ಕೊಂಡು ಹೋಗ್ಲಿ ಅಂತ." ಮಗು ತಪ್ಪು ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳತೊಡಗಿತು. "ನಾನು ಬಡ್ಡಿ ಬೆಳೆಯೋಕೆ ಬಿಟ್ಟಿಲ್ಲ ದೊಡ್ಡಮ್ಮ. ಕಮ್ಮೀನೇ ತಿಂದಿದ್ದೀನಿ. ಹಸಿವಾದ್ರೂ ಸಾಕು ಅಂದಿದ್ದೀನಿ. ಏನೂ ಕೇಳಿಲ್ಲ. ಗೀರು ಒಂದೇ ಬಿದ್ದಿರೋದು, ಈ ಮೊಣಕಾಲಲ್ಲಿ. ಅಮ್ಮನ ಹತ್ರ ಜಾಸ್ತಿ ದುಡ್ಡಿರಲ್ಲ ಅಂತ... ಯಾರೂ ಬರ್ದೇ ಇದ್ರೆ ನನ್ನ ಮಾರಿಬಿಡ್ತೀರಾ?"

ಸಾಕಮ್ಮನ ಕಣ್ಣು ಮೇಜಿನ ಮೇಲಿದ್ದ ನೀಲಿ ಫ್ರಾಕಿನ ಮೇಲೆ ಬಿತ್ತು. ಎದ್ದು ಗೋಡೆಯ ಟೇಪು ತೆಗೆದಳು. ಮಗುವಿನ ಹೆಗಲಿನಿಂದ ಮೊಣಕಾಲಿಗೆ ಹಿಡಿದಳು. ಮೂರು ವರ್ಷದ ಹಿಂದೆ ಹಿಡಿದ ಅಳತೆ ಅವಳಿಗೆ ಬಾಯಿಪಾಠ, ಬೀದಿಯ ಎಲ್ಲ ಮಕ್ಕಳದೂ ಬಾಯಿಪಾಠ. ಟೇಪು ಹೆಚ್ಚು ಕಡಿಮೆ ಅಲ್ಲೇ ನಿಂತಿತು. ಇನ್ನೊಮ್ಮೆ ಹಿಡಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಗಲೂ ರಾತ್ರಿ ಪಾಠ ಹೇಳಿದ್ದಳು. ಈ ಮಗು ಕಾಲನ್ನೇ ಬೆಳೆಯಗೊಡದೆ ಇಟ್ಟುಕೊಂಡಿತ್ತು. ಎದುರಿಗೇ ಬಾಡುತ್ತಿದ್ದ ಮಗುವನ್ನು ನೋಡದೆ, ಉಳಿದ ನಾಲ್ಕು ಬೆರಳು ಬಟ್ಟೆಯನ್ನು ನೋಡಿ ಅವಳು ಬೀಗಿದ್ದಳು.

"ಅದು ತಮಾಷೆಗೆ ಅಂದಿದ್ದು ಕಂದಾ," ಎಂದಳು. "ಬರೀ ತಮಾಷೆಗೆ."

ಮಗು ಅವಳ ಮುಖವನ್ನೇ ನೋಡಿತು. ತಮಾಷೆಯೆಂದರೆ ಆಮೇಲಾದರೂ ನಗು ಬರಬೇಕಲ್ಲ, ಯಾರಿಗೂ ಬರಲಿಲ್ಲ. ಮೂರು ವರ್ಷ ಹಸಿವು ನುಂಗಿದವರಿಗೆ ಅದು ತಮಾಷೆಯಾಗಿತ್ತು ಎಂದು ಹೇಳಿ ನಂಬಿಸುವುದು ಯಾರಿಂದಲೂ ಆಗದ ಕೆಲಸ. ಸಾಕಮ್ಮನಿಗೆ ಅದು ಹೊಳೆಯಿತು. ಮಗುವಿನ ಲೆಕ್ಕವನ್ನು ಮಗುವಿನ ಭಾಷೆಯಲ್ಲೇ ತೀರಿಸಬೇಕಿತ್ತು.

"ಕೇಳಿಲ್ಲಿ," ಎಂದು ಅದರ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಬಿಡಿಸ್ಕೊಂಡಾಯ್ತು. ನಾನೇ ಬಿಡಿಸ್ಕೊಂಡೆ."

"ನೀವಾ? ಯಾವಾಗ?"

"ಆವಾಗ್ಲೇ. ನೀನು ಬಂದ ದಿನಾನೇ."

"ಜಾಸ್ತಿ ಆಯ್ತಾ?"

"ಇಲ್ಲ. ನನ್ನ ಹತ್ರ ಇತ್ತು. ಎಲ್ಲಾ ತೀರಿ ಹೋಯ್ತು. ಈಗ ನೀನು ನನ್ನೋಳು. ತಿಂದ್ರೆ ಯಾವ ಬಡ್ಡೀನೂ ಇಲ್ಲ, ಬಿದ್ರೆ ಯಾರೂ ಬೆಲೆ ಕಟ್ಟಲ್ಲ. ತಿಳೀತಾ?"

ಅಡುಗೆಮನೆಗೆ ಕರೆದುಕೊಂಡು ಹೋಗಿ ತಟ್ಟೆ ಇಟ್ಟಳು. ಅನ್ನ ಬಡಿಸಿದಳು, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಇಟ್ಟಳು, ದೊಡ್ಡ ಲೋಟದ ತುಂಬ ಹಾಲು ಸುರಿದಳು. ಎರಡನೇ ಸಲ ಸೌಟು ಎತ್ತಿದಾಗ ಮಗುವಿನ ಕೈ ಅಭ್ಯಾಸಬಲದಿಂದ ತಟ್ಟೆಗೆ ಅಡ್ಡ ಬಂತು, ಗಾಳಿಯಲ್ಲಿ ಒಂದು ಕ್ಷಣ ನಿಂತು ಹಿಂದಕ್ಕೆ ಹೋಯಿತು. ಅದು ತಿನ್ನತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಗಬಗಬನೆ. ತಿನ್ನುತ್ತ ತಿನ್ನುತ್ತ ಅದರ ಕಣ್ಣಲ್ಲಿ ನೀರು ಇಳಿಯತೊಡಗಿತು. ತಾಯಿ ಸತ್ತಳೆನ್ನುವುದು ಈಗ ಅದರ ಹೊಟ್ಟೆಗೆ ಮುಟ್ಟುತ್ತಿತ್ತು. ಸಾಕಮ್ಮ ಬಡಿಸುತ್ತ ಅಳುತ್ತಿದ್ದಳು, ಮಗು ಉಣ್ಣುತ್ತ ಅಳುತ್ತಿತ್ತು. ಸಾಕು ಎಂದು ಇಬ್ಬರೂ ಹೇಳಲಿಲ್ಲ.

ಕೊನೆಗೆ ಮಗು ಕೈ ನಿಲ್ಲಿಸಿತು. ಏನನ್ನೋ ಕೂಡಿಸಿ ಕಳೆಯುವವರ ಹಾಗೆ ತಟ್ಟೆ ನೋಡುತ್ತ ಕೂತು, ತಲೆ ಎತ್ತಿತು.

"ದೊಡ್ಡಮ್ಮ, ನಿನ್ನ ಹತ್ರ ದುಡ್ಡಿತ್ತಲ್ಲ. ನೀನು ಅಮ್ಮನ್ನೂ ಬಿಡಿಸ್ಕೋಬಹುದಿತ್ತಲ್ವಾ?"

ಮೂರು ವರ್ಷ ಕಾದಿದ್ದ 'ನೀನು' ಅದು. ಸಾಕಮ್ಮ ಸೌಟನ್ನು ಪಾತ್ರೆಯೊಳಗಿಟ್ಟಳು. ಮಗುವಿನ ಎದುರಿಗೆ ನೆಲಕ್ಕೆ ಕೂತಳು.